ಗೌರಮ್ಮನವರ ಹ್ಯಾಂಡಲ್

ಕುಡಿದವನು ಕೂತರೆ ಸ್ಟಾರ್ಟೇ ಆಗದಂಥ ಕಾರು ಬರಬೇಕೆಂದು ಈಗ ಎಲ್ಲೋ ಸರ್ಕಾರ ನಿಯಮ ಮಾಡಿದೆಯಂತೆ. ಬಿಳಿಚೋಡಿನಲ್ಲಿ ಅಂಥ ಕಾರು ಆಗಲೇ ಇತ್ತು. ಮಾಡಿದವರು ಯಾರಿರಬಹುದು, ಹೇಳಿ ನೋಡೋಣ.

ನಾನಾಗ ವಾಹನ ತಪಾಸಣೆಯ ಇನ್ಸ್‌ಪೆಕ್ಟರ್. ಜಗಳೂರಿನ ಕ್ಯಾಂಪಿಗೆ ಬಿಳಿಚೋಡಿನ ಬಸಣ್ಣ ತನ್ನ ಬಾಡಿಗೆ ಕಾರು ತಂದಿದ್ದ. ಜೊತೆಗೆ ಹೆಂಡತಿ ಗೌರಮ್ಮ. ಕೀ ತಿರುಗಿಸಿದೆ, ಸದ್ದೇ ಇಲ್ಲ. ಬಾನೆಟ್ ಎತ್ತಿ ನೋಡಿದರೆ ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರೇ ಮಾಯ.

“ನಾನೇ ಬಿಚ್ಚಿಸಿ ಜ್ವಾಳದ ಚೀಲದಾಗೆ ಇಟ್ಟೀನ್ರಿ,” ಎಂದರು ಗೌರಮ್ಮ. “ಈಗ ಮುಂದೆ ನಿಂತು ಹ್ಯಾಂಡಲ್ ತಿರುವಿಯೇ ಎಂಜಿನ್ ಎಬ್ಬಿಸಬೇಕು. ಕುಡಿದ ಕೈ ಆದ್ರೆ ಹ್ಯಾಂಡಲ್ ವಾಪಸ್ ಒದೀತೈತೆ. ಎರಡು ಸಲ ಒದೆಸಿಕೊಂಡ ಮ್ಯಾಲೆ ಇವ್ರು ಕುಡಿದು ಗಾಡಿ ಮುಟ್ಟಿಲ್ರಿ.”

ಬಸಣ್ಣ ನೆಲ ನೋಡುತ್ತ ಮಣಿಕಟ್ಟು ಸವರಿಕೊಂಡ.

“ಸೆಲ್ಫ್ ಇರಲೇಬೇಕಮ್ಮ, ನಿಯಮ. ಇಲ್ಲದಿದ್ದರೆ ಸರ್ಟಿಫಿಕೇಟ್ ಕೊಡೋಕಾಗಲ್ಲ.”

“ಬಾಡಿಗಿ ನಿಂತ್ರೆ ನಮ್ಮ ಹೊಟ್ಟಿಗೇನ್ರಿ? ಕುಡಿದೋರನ್ನ ತಡೆಯಾಕೆ ನಿಮ್ಮ ನಿಯಮದಾಗೆ ಏನೈತೆ, ಅದನ್ನ ಹೇಳ್ರಿ.”

ಪುಸ್ತಕ ತಿರುವಿದೆ. ಕುಡಿದು ಓಡಿಸಿದ ಮೇಲೆ ದಂಡವಿತ್ತು, ಓಡಿಸದಂತೆ ತಡೆಯುವುದು ಯಾವುದೂ ಇರಲಿಲ್ಲ. ಆದರೂ ಓದಿದವನ ಜಂಬ ನೋಡಿ, ಇದೇನು ಮಹಾ ಎಂದು ನಾನೇ ಹ್ಯಾಂಡಲ್ ತಿರುವಿದೆ. ಒದೆಯಿತು. ಹೆಬ್ಬೆರಳು ಅಲ್ಲೇ ಊದಿಕೊಂಡಿತು.

“ಬೆಳಿಗ್ಗೇನೇ ಹಾಕ್ಕೊಂಡು ಬಂದೀರೇನ್ರಿ, ಸಾಹೇಬ್ರೆ?” ಎಂದರು ಗೌರಮ್ಮ.

ಸಾಲಿನಲ್ಲಿದ್ದ ಡ್ರೈವರುಗಳೆಲ್ಲ ನನ್ನ ಬಾಯಿಯ ವಾಸನೆ ನೋಡುವವರಂತೆ ಹತ್ತಿರ ಬಂದರು. ನಾನು ತೆಪ್ಪಗೆ ಎಡಗೈಯಲ್ಲಿ ಸಹಿ ಹಾಕಿ ಕಾರನ್ನು ಪಾಸು ಮಾಡಿದೆ.

ಕುಡಿದಿರಲಿಲ್ಲ ಎಂದರೆ ಇವತ್ತಿಗೂ ಯಾರೂ ನಂಬುವುದಿಲ್ಲ. ನೀವೇ ಯೋಚಿಸಿ, ಹಿಂದಿನ ದಿನ ಗಾಂಧಿ ಜಯಂತಿ, ಹೆಂಡದಂಗಡಿಗಳಿಗೆಲ್ಲ ಬೀಗ. ಅವತ್ತು ೧೯೭೪ರ ಅಕ್ಟೋಬರ್ ಮೂರು, ಗುರುವಾರ.