ಕುಡುಗೋಲು ಮಸೆದ ಕಲ್ಲು

"ಹಾಥ್ ಹಟಾಓ!"

ಕೈ ತೆಗಿ ಎಂದು ಗದರಿದ್ದು ದಿಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಕಾವಲುಗಾರ. ನನ್ನ ಬೆರಳು ಆಗಲೇ ವೀರಗಲ್ಲಿನ ಅಂಚಿನ ಮೇಲಿತ್ತು. ನಮ್ಮೂರಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಳ್ಳದಿದ್ದರೆ ಬೈಯುತ್ತಾರೆ, ಇಲ್ಲಿ ಮುಟ್ಟಿದ್ದಕ್ಕೆ ಬೈಗುಳ. ಅಲ್ಲಿಂದಾಚೆ ಆತ ನನ್ನ ಹಿಂದೆಯೇ ಬಂದ.

ನರ್ಸ್ ಕೆಲಸಕ್ಕೆಂದು ಈ ಊರಿಗೆ ಬಂದು ಎರಡು ವರ್ಷ. ಅನುಮಾನ ನನಗೇನೂ ಹೊಸದಲ್ಲ. ಬಂದ ವಾರವೇ ಮನೆಯೊಡತಿ ನಾನು 'ಕಿರಾಯೇದಾರ್', ಅಂದರೆ ಬಾಡಿಗೆಯವಳು ಎಂದು ನನ್ನ ಫೋಟೊ ಪೊಲೀಸ್ ಠಾಣೆಗೆ ಕೊಟ್ಟು ಬಂದಳು. ನಮ್ಮ ಮದ್ದೂರು ಸೀಮೆಯಲ್ಲಿ ಹೊಸಬರನ್ನು ಜಗಲಿ ಮೇಲೆ ಕೂರಿಸಿ, ನೀರು ಕೊಟ್ಟು, 'ಯಾವೂರವ್ವ, ಯಾರ ಪೈಕಿ?' ಎಂದು ಕೇಳುತ್ತಾರೆ. ಅದೂ ವಿಚಾರಣೆಯೇ, ಆದರೆ ನೀರಾದರೂ ಸಿಗುತ್ತದೆ. ಹಾಗಂತ ನಾನೇನು ಕಮ್ಮಿಯಲ್ಲ. ತರಕಾರಿಯವನು ಕೊತ್ತಂಬರಿ ಪುಕ್ಕಟೆ ಹಾಕಿದರೆ, ಇದರಲ್ಲೇನು ಮೋಸವಿದೆಯಪ್ಪಾ ಎಂದು ಚೀಲವನ್ನೆಲ್ಲ ಬಗ್ಗಿಸಿ ನೋಡುತ್ತಿದ್ದೆ.

ಅವತ್ತು ರಜೆ. ಅಂಗೈ ಮೇಲೆ ನಿಲ್ಲಿಸಬಹುದಾದ ಕಂಚಿನ ಹುಡುಗಿ, ಸಾವಿರಾರು ವರ್ಷದ ಮಡಕೆ, ಮಣಿಸರ ಎಲ್ಲ ನೋಡುತ್ತ ಬಂದವಳು ಆ ಕಲ್ಲಿನ ಮುಂದೆ ನಿಂತುಬಿಟ್ಟೆ. ಕೆಳಗೆ ಕತ್ತಿ ಹಿಡಿದ ವೀರ, ನಡುವೆ ಅವನನ್ನು ಸ್ವರ್ಗಕ್ಕೊಯ್ಯುವ ಹೆಂಗಸರು, ಮೇಲೆ ಶಿವಲಿಂಗ. ಫಲಕದಲ್ಲಿ 'ಕರ್ನಾಟಕ' ಎಂದಿತ್ತು. ಎಡಗಡೆಯ ಅಂಚು ಸವೆದು ಗುಳಿಬಿದ್ದಿತ್ತು. ನನ್ನ ಬೆರಳು ತಾನಾಗೇ ಅದರತ್ತ ಹೋಯಿತು, ಕಾವಲುಗಾರ ಗದರಿದ್ದು ಆಗಲೇ.

ಆತಗೂರಿನ ಪಕ್ಕದ ನಮ್ಮ ಹಳ್ಳಿಯ ಕೆರೆ ಏರಿ ಮೇಲೆ ಇಂಥದೇ ಕಲ್ಲಿತ್ತು. ರಾಗಿ ಕೊಯ್ಲಿನ ಮೊದಲ ದಿನ ಎಲ್ಲರೂ ಅದರ ಅಂಚಿಗೆ ಕುಡುಗೋಲು ಮಸೆದೇ ಹೊಲಕ್ಕಿಳಿಯುತ್ತಿದ್ದರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಏರಿ ಅಗಲ ಮಾಡಲು ಬುಲ್ಡೋಜರ್ ಬಂತು, ಕಲ್ಲು ಮಾಯವಾಯಿತು. ಕೆರೆ ತೂಬು ನೋಡಿಕೊಳ್ಳುವ ನೀರುಗಂಟಿ ಆಗ ನಮ್ಮಪ್ಪ. ಅದೇ ವರ್ಷ ನನ್ನ ಕಿವಿಗೆ ಹೊಸ ಓಲೆ ಬಂತು. ಊರಿಗೆ ಇನ್ನೇನು ಬೇಕು? 'ಕಲ್ಲು ಮಾರ್ಕಂಡವ್ನೆ' ಎಂದು ಆಡಿಕೊಂಡಿತು. ನಾನು ಅಪ್ಪನನ್ನು ಏನೂ ಕೇಳಲಿಲ್ಲ. ಓಲೆ ಬಿಚ್ಚಿಟ್ಟು ಬೋಳುಗಿವಿಯಲ್ಲೇ ಓಡಾಡಿದೆ.

ಮ್ಯೂಸಿಯಂ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದೆ.

"ಅಪ್ಪ, ನಮ್ಮ ಏರಿ ಕಲ್ಲು ಇಲ್ಲೈತೆ. ಕುಡ್ಲು ಮಸೆದಿರೋ ಗುರ್ತೈತೆ. ನಿಜ ಏಳು, ಮಾರಿದ್ಯಾ?"

ಅಪ್ಪ ನಕ್ಕುಬಿಟ್ಟ. "ಅಯ್ಯೋ ಉಚ್ಚಿ! ಕುಡ್ಲು ಮಸೆಯೋರು ನಾವೊಬ್ರೇನಾ? ನಮ್ ಕಲ್ಲು ನಮ್ ಬಚ್ಚಲಲ್ಲೇ ಬಿದ್ದೈತೆ ಕಣವ್ವ. ನೀ ಕಾಲು ತೊಳ್ಕತಿದ್ಯಲ್ಲ, ಅದೇಯ."

ಬುಲ್ಡೋಜರ್ ಪುಡಿ ಮಾಡಿಬಿಡುತ್ತದೆಂದು ಗಾಡಿಯಲ್ಲಿ ತಂದು ಹಿತ್ತಲಲ್ಲಿ ಇಟ್ಟಿದ್ದನಂತೆ. ಏರಿ ಕೆಲಸ ಮುಗಿಯುವಷ್ಟರಲ್ಲಿ ಊರು ಅವನನ್ನು ಕಳ್ಳ ಮಾಡಿ ಆಗಿತ್ತು. ತೋರಿಸಿದರೆ ಕದ್ದದ್ದು ಖಾತ್ರಿಯಾಗುತ್ತದೆಂದು ಹೆದರಿ, ಕೆತ್ತನೆಯಿದ್ದ ಮಗ್ಗುಲನ್ನು ಕೆಳಗೆ ಮಣ್ಣಿಗೆ ಮಾಡಿ ಬಚ್ಚಲಿಗೆ ಹಾಸಿಬಿಟ್ಟ.

"ನೀರು ಉಯ್ಕಂಡಾಗೆಲ್ಲ ತಪ್ಪಾಯ್ತು ಸ್ವಾಮಿ ಅಂತಿದ್ದೆ," ಎಂದ. "ಓಲೆ ನಿಮ್ಮವ್ವನ ಬಳೆ ಕರಗ್ಸಿ ಮಾಡ್ಸಿದ್ದು."

ಆಮೇಲೆ ದನಿ ತಗ್ಗಿಸಿ ಕೇಳಿದ: "ಊರೋರು ಅಂದ್ರು, ಬುಡು. ನೀನೂವೆ ಅಂಗೇ ಅನ್ಕಂಡಿದ್ದಾ, ಇಷ್ಟು ವರ್ಸ?"

ನಾಚಿಕೆಗೆ ಅಳು ಬಂತು. ದಿಲ್ಲಿಯವರಿಗೆ ಯಾರ ಮೇಲೂ ನಂಬಿಕೆಯಿಲ್ಲ ಎಂದು ವಾರವಾರ ಇದೇ ಅಪ್ಪನಿಗೆ ದೂರು ಹೇಳುತ್ತಿದ್ದವಳು ನಾನು. ಕಣ್ಣೊರೆಸಿಕೊಂಡು, ರಾಗಿ ಕೊಯ್ಲಿಗೆ ಬತ್ತೀನಿ, ಇಬ್ಬರೂ ಸೇರಿ ಕಲ್ಲು ಎಬ್ಬಿಸಿ ಏರಿ ಮೇಲೆ ನಿಲ್ಲಿಸೋಣ ಎಂದೆ.

"ಊರೋರು ಏನಂದಾರು?"

"ಅನ್ಲಿ ಬುಡಪ್ಪ. ಪಕ್ಕದಲ್ಲಿ ನಾನಿರ್ತೀನಿ."

ರೈಲಿನ ಟಿಕೆಟ್ ಆಗಿದೆ. ದಿಲ್ಲಿ ಇನ್ನೂ ನನ್ನದಾಗಿಲ್ಲ, ಊರು ನನ್ನದು ಎನ್ನಲು ಈಗ ಬಾಯಿ ಬರುತ್ತಿಲ್ಲ. ಪೆಟ್ಟಿಗೆಯ ತಳದಲ್ಲಿದ್ದ ಓಲೆಯನ್ನು ನಿನ್ನೆ ಹಾಕಿಕೊಂಡೆ. ಕಿವಿಯ ತೂತು ಮುಚ್ಚಿಹೋಗಿತ್ತು, ಮತ್ತೆ ಚುಚ್ಚಿಸಿಕೊಳ್ಳಬೇಕಾಯಿತು.