ಬೋರ್ಡಕ್ಕ ಮತ್ತು ಗೆರೆಯಾಚೆಯ ಗುರುತು

ನಮ್ಮ ಊರಿನ ದೊಡ್ಡ ಪಾರ್ಕಿನ ಹಿಂಬದಿಯಲ್ಲಿ ಆರು ಟೆನಿಸ್ ಕೋರ್ಟುಗಳಿವೆ, ಆರೂ ಕೆಂಪು ಮಣ್ಣಿನವು. ಸಿಮೆಂಟಿನ ಕೋರ್ಟೇ ಬೇಕು ಅನ್ನುವವರು ಊರಿನ ಆಚೆ ತುದಿಗೆ ಹೋಗಬೇಕು, ಹೋಗಲಿ, ನಮಗೇನು. ಒಂದನೇ ಕೋರ್ಟಿನವರು ಊರೂರು ಸುತ್ತಿ ಕಪ್ಪು ತಂದವರು. ಆರನೆಯದರಲ್ಲಿ ರ‍್ಯಾಕೆಟ್ಟನ್ನು ಪೊರಕೆಯಂತೆ ಹಿಡಿಯುವವರು. ನಡುವಿನ ನಾಲ್ಕರಲ್ಲಿ ಹಲ್ಲಿನ ಡಾಕ್ಟರು, ತರಕಾರಿ ಅಂಗಡಿಯವಳು, ಕೋರ್ಟ್ ಕಚೇರಿಯ ಗುಮಾಸ್ತರು, ದರ್ಜಿಯಾದ ನಾನು. ಯಾರು ಎಲ್ಲಿ ಆಡಬೇಕೆಂದು ತೀರ್ಮಾನಿಸುವವಳು ಒಬ್ಬಳೇ, ನಮ್ಮ ಬೋರ್ಡಕ್ಕ.

ಬುಕಿಂಗ್ ಕಿಟಕಿಯ ಹಿಂದೆ ಕೂರುವುದು, ಒಂಟಿಯಾಗಿ ಬಂದವರಿಗೆ ಸರಿಸಮದ ಜೋಡಿ ಹುಡುಕಿಕೊಡುವುದು, ಆಟ ಮುಗಿದ ಮೇಲೆ ಉದ್ದನೆಯ ಬ್ರಷ್ ಎಳೆದು ಮಣ್ಣು ಸಮ ಮಾಡುವುದು ಅವಳ ಕೆಲಸ. ಕಿಟಕಿಯ ಪಕ್ಕದ ಹಲಗೆಯಲ್ಲಿ ಕೋರ್ಟಿಗೊಂದರಂತೆ ಆರು ಸಾಲು ಮೊಳೆಗಳಿವೆ. ಮೊಳೆಗೊಂದು ಮರದ ಬಿಲ್ಲೆ, ಬಿಲ್ಲೆಗೊಬ್ಬ ಆಟಗಾರ. ಪ್ರತಿ ಸೋಮವಾರ ಬೆಳಿಗ್ಗೆ ಅವಳು ಬಿಲ್ಲೆಗಳನ್ನು ಮೇಲೆ ಕೆಳಗೆ ಮಾಡುತ್ತಾಳೆ. ಯಾಕೆಂದು ಕೇಳುವ ಪದ್ಧತಿ ಇಲ್ಲ. ಒಮ್ಮೆ ಬ್ಯಾಂಕಿನ ಮ್ಯಾನೇಜರು ಕೇಳಿಬಿಟ್ಟರು.

"ಸಾರ್, ನೀವು ಓಡ್ತಾ ಇಲ್ಲ, ವಾಕಿಂಗ್ ಮಾಡ್ತಾ ಇದ್ದೀರ," ಅಂದಳು.

ಕಡ್ಡಿ ಮುರಿದಂಥ ಮಾತು ಅವಳದು. ಮ್ಯಾನೇಜರು ಒಂದು ತಿಂಗಳು ಮುಖ ಊದಿಸಿಕೊಂಡಿದ್ದರು, ಆಮೇಲೆ ಓಡತೊಡಗಿದರು.

ಅವಳ ಗಂಡ ಡ್ರೈವರ್ ಮಾಮ. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು, ಎರಡನೇ ಕೋರ್ಟಿನ ಹುಲಿ. ನಮ್ಮ ಆಟಕ್ಕೆ ಅಂಪೈರ್ ಇರುವುದಿಲ್ಲ. ನಮ್ಮ ಕಡೆ ಬಿದ್ದ ಚೆಂಡು ಗೆರೆಯ ಒಳಗೋ ಹೊರಗೋ ಅಂತ ನಾವೇ ಕೂಗಬೇಕು, ಎದುರಿನವರು ನಂಬಬೇಕು. ಮಾಮ ನಂಬುವ ಪೈಕಿ ಅಲ್ಲ. ಯಾರಾದರೂ "ಔಟ್" ಅಂದರೆ ನೆಟ್ ಸುತ್ತಿಕೊಂಡು ಬಂದು, ಬಗ್ಗಿ, ಮಣ್ಣಿನ ಮೇಲೆ ಚೆಂಡು ಒತ್ತಿದ ಗುರುತನ್ನು ನೋಡಿಯೇ ಹೋಗುವವರು. "ಬಾಯಿ ಸುಳ್ಳಾಡಬಹುದು, ಮಣ್ಣು ಆಡಲ್ಲ," ಅನ್ನುತ್ತಿದ್ದರು. ಈ ಜಗಳಕ್ಕೆಂದೇ ನಾನು ಅಂಗಡಿ ಬಾಗಿಲು ತಡವಾಗಿ ತೆಗೆದ ದಿನಗಳು ಲೆಕ್ಕವಿಲ್ಲ.

ಹೋದ ವರ್ಷ ಅವರ ಮಂಡಿಗೆ ಆಪರೇಷನ್ ಆಯಿತು. ನಾಲ್ಕು ತಿಂಗಳ ಮೇಲೆ ಬಂದಾಗ ಅವರ ಕಾಲು ಚೆಂಡಿಗಿಂತ ಒಂದು ಹೆಜ್ಜೆ ಹಿಂದಿತ್ತು. ಎರಡನೇ ಕೋರ್ಟಿನ ನಾವು ನಾಲ್ಕು ಜನ ಮಾತಾಡಿಕೊಳ್ಳದೆಯೇ ಒಂದು ಒಪ್ಪಂದಕ್ಕೆ ಬಂದೆವು. ಮಾಮನ ಚೆಂಡು ಹೊರಗೆ ಬಿದ್ದರೂ ಒಳಗೆ. ಆಮೇಲೆ ಬೂಟಿನಿಂದ ಗುರುತು ಉಜ್ಜಿಬಿಡುವುದು. ಅರ್ಧ ಇಂಚು ಹೆಚ್ಚುಕಡಿಮೆಯಾದರೆ ನಿದ್ದೆ ಬಾರದ ದರ್ಜಿ ನಾನು, ಅಂಗೈಯಗಲ ಹೊರಗೆ ಬಿದ್ದ ಚೆಂಡಿಗೂ ತಲೆಯಾಡಿಸುತ್ತಿದ್ದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂಬ ಜಂಬವೂ ಒಳಗೊಳಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಮಾಮ ನೆಟ್ ಸುತ್ತಿ ಬರುವುದೇ ನಿಂತುಹೋಯಿತು. ಬರುವ ಕಾರಣವೇ ಇರಲಿಲ್ಲವಲ್ಲ.

ಒಂದು ಶನಿವಾರ ಮಾಮ ನನ್ನನ್ನು ಆರು-ನಾಲ್ಕರಲ್ಲಿ ಸೋಲಿಸಿದರು. ಅಷ್ಟರಲ್ಲಿ ಗಿರಾಕಿ ಕಾಯುತ್ತಿದ್ದಾರೆಂದು ಹೆಂಡತಿಯ ಫೋನು ಬಂತು. ಕೈ ಕುಲುಕಿ ಓಡಿದೆ, ಗುರುತು ಉಜ್ಜುವುದು ಮರೆತೆ. ಮಣ್ಣು ಗುಡಿಸುವವರು ಯಾರೆಂಬುದನ್ನೂ ಮರೆತೆ.

ಮರುದಿನ ಬೋರ್ಡಕ್ಕ ಕಿಟಕಿಯ ಹತ್ತಿರ ಕರೆದಳು.

"ಟೈಲರಣ್ಣ, ಬಟ್ಟೆ ಕತ್ತರಿಸೋವಾಗ ಕಣ್ಣು ಸರಿ ಕಾಣುತ್ತಲ್ವಾ?"

"ಗುರುತು ನಾನು ನೋಡ್ಲೇ ಇಲ್ಲ ಅಕ್ಕಾ," ಅಂದೆ. ಅವಳಿನ್ನೂ ಗುರುತಿನ ಮಾತೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಕೊನೇ ಪಾಯಿಂಟು ನಾನು ಇಲ್ಲಿಂದಲೇ ನೋಡ್ತಿದ್ದೆ. ಚೆಂಡು ಬಿತ್ತು, ನೀವು ತಲೆಯಾಡಿಸಿ ಬಂದು ಕೈ ಕುಲುಕಿದ್ರಿ. ಗುಡಿಸೋಕೆ ಹೋದರೆ ಗುರುತು ಗೆರೆಯಿಂದ ಒಂದು ಗೇಣು ಆಚೆ. ಎಷ್ಟು ದಿನದಿಂದ ನಡೀತಿದೆ ಇದು?"

"ಮಾಮ ಬೇಜಾರು ಮಾಡ್ಕೋಬಾರ್ದು ಅಂತ..."

"ಊರವರ ಬಿಲ್ಲೆಯನ್ನೆಲ್ಲ ಇಳಿಸಿದ್ದೀನಿ. ನನ್ನ ಗಂಡಂದು ಮಾತ್ರ ಸುಳ್ಳು ಮೊಳೇಲಿ ನೇತಾಡ್ತಿದೆ." ಆಮೇಲೆ ದನಿ ಇಳಿಸಿದಳು. "ಇಳಿಸಿದ್ರೆ ಅವರು ಆಟಾನೇ ಬಿಟ್ಟುಬಿಟ್ರೆ? ಆಪರೇಷನ್ ಆದ್ಮೇಲೆ ಅವರು ಹಾಸಿಗೆ ಬಿಟ್ಟು ಏಳೋದೇ ಇದಕ್ಕೋಸ್ಕರ ಅಣ್ಣಾ."

ಬ್ಯಾಂಕಿನ ಮ್ಯಾನೇಜರನ್ನೇ ಓಡಿಸಿದ ಹೆಂಗಸು ಹೆದರಿದ್ದನ್ನು ಅವತ್ತೇ ಮೊದಲು ನೋಡಿದ್ದು.

ಸೋಮವಾರ ಮಾಮನ ಬಿಲ್ಲೆ ನಾಲ್ಕನೇ ಸಾಲಿನಲ್ಲಿತ್ತು. ಅದರ ಪಕ್ಕದಲ್ಲೇ ನನ್ನದೂ ಇತ್ತು. ಮಾಮ ಹಲಗೆಯ ಮುಂದೆ ಬಂದು ಎರಡೂ ಬಿಲ್ಲೆಗಳನ್ನು ಮುಟ್ಟಿ ನೋಡಿದರು.

"ಟೈಲರ್‌ದು ಯಾಕೆ?" ಅಂದರು. ತಮ್ಮದು ಯಾಕೆಂದು ಕೇಳಲಿಲ್ಲ.

"ಅವರಿಗೆ ಗೆರೆ ಕಾಣಲ್ವಂತೆ," ಅಂದಳು ಬೋರ್ಡಕ್ಕ, ತಲೆ ಎತ್ತದೆ.

ಮಾಮ ಬ್ಯಾಗು ಹೆಗಲಿಗೇರಿಸಿ ಮನೆಗೆ ಹೋದರು. ಮಂಗಳವಾರ ಬರಲಿಲ್ಲ, ಬುಧವಾರವೂ ಇಲ್ಲ. "ಮನೇಲಿ ಮಾತಿಲ್ಲ, ಟೀವಿ ಜೋರಾಗಿಟ್ಟು ಕೂತಿರ್ತಾರೆ," ಅಂದಳು ಬೋರ್ಡಕ್ಕ. ಬಿಲ್ಲೆ ಮತ್ತೆ ಮೇಲಕ್ಕೆ ಹಾಕು ಅಂತ ನಾವೆಲ್ಲ ಹೇಳಿದೆವು. ಅವಳು ಹಾಕಲಿಲ್ಲ. ದಿನಾ ಆರೂವರೆಗೆ ನಾಲ್ಕನೇ ಕೋರ್ಟನ್ನು ನಮ್ಮಿಬ್ಬರಿಗೆಂದೇ ಬರೆದಿಡುತ್ತಿದ್ದಳು. ನಾನು ಹೋಗಿ ಖಾಲಿ ಕೋರ್ಟಿಗೆ ಸರ್ವ್ ಮಾಡಿ ಬರುತ್ತಿದ್ದೆ. ಇಡೀ ಪಾರ್ಕು ನನ್ನನ್ನು ನೋಡುತ್ತಿತ್ತು. ಅನುಭವಿಸು ಮಗನೇ ಅಂತ ನನಗೆ ನಾನೇ ಹೇಳಿಕೊಂಡೆ.

ಶುಕ್ರವಾರ ಮಾಮ ಬಂದರು. ಹೆಂಡತಿಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಮೊದಲ ಗೇಮ್ ಹಾಗೇ ಮುಗಿಯಿತು. ಎರಡನೆಯದರಲ್ಲಿ ಅವರು ಉದ್ದಕ್ಕೆ ಹೊಡೆದ ಚೆಂಡು ನನ್ನ ಕಡೆಯ ಗೆರೆಯಿಂದ ಎರಡೇ ಎರಡು ಬೆರಳು ಆಚೆ ಬಿತ್ತು. ಕಿಟಕಿಯಲ್ಲಿ ಬೋರ್ಡಕ್ಕ ಎದ್ದು ನಿಂತಿದ್ದಳು.

"ಔಟ್!" ಅಂದೆ.

ಮಾಮ ರ‍್ಯಾಕೆಟ್ ಕೆಳಗಿಟ್ಟರು. ಮಂಡಿ ಎಳೆದುಕೊಂಡು ನಿಧಾನವಾಗಿ ನೆಟ್ ಸುತ್ತಿ ಬಂದರು, ನನ್ನ ಭುಜ ಹಿಡಿದು ಬಗ್ಗಿದರು, ಗುರುತನ್ನು ನೋಡಿದರು. ಕ್ಷಮಿಸಿ ಮಾಮ ಅನ್ನಲು ನಾನು ಬಾಯಿ ತೆರೆದಿದ್ದೆ.

"ಔಟೇ," ಅಂದರು. ಕೈ ಇನ್ನೂ ನನ್ನ ಭುಜದ ಮೇಲೇ ಇತ್ತು. "ಎಷ್ಟು ತಿಂಗಳಾಯ್ತೋ, ನನ್ನದೊಂದು ಚೆಂಡು ಔಟಾಗಿ."

ಆಮೇಲೆ ಕಿಟಕಿಯ ಕಡೆ ತಿರುಗಿ ಕೂಗಿದರು: "ಏನೇ, ಟೈಲರ್‌ಗೆ ಕಣ್ಣು ಬಂತು ಕಣೇ!"