ಒಂಬತ್ತು ಡಬ್ಬ ಭಯ

ನಮ್ಮ ಮನೆಯಲ್ಲಿ ಒಂಬತ್ತು ಡಬ್ಬ ಚಿಲ್ಲರೆ ಇದೆ ಎಂಬುದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಕಳ್ಳರ ಕಿವಿಗೆ ಬಿದ್ದರೆ ಎಂಬ ಹೆದರಿಕೆ. ಮೊನ್ನೆ ಅವನ್ನೆಲ್ಲ ಪಕ್ಕದ ಮನೆಯವರ ಮೆಣಸು ತೂಗುವ ತಕ್ಕಡಿಯ ಮೇಲಿಟ್ಟಾಗ ನಲವತ್ತು ಕಿಲೋ ದಾಟಿತು. ಒಳಗೇನಿದೆ ಎಂದು ಕೇಳಿದವರಿಗೆ ಬಸ್ಸಿನ ಹಳೆಯ ನಟ್ಟು ಬೋಲ್ಟು ಎಂದೆ. ಅಷ್ಟು ಭಾರವನ್ನು ಹೊತ್ತು ನಮ್ಮ ಮೂರ್ನಾಡಿನ ಏರು ಹತ್ತಬಲ್ಲ ಕಳ್ಳನಿದ್ದರೆ ಅವನಿಗೆ ಒಂದು ಲೋಟ ಕಾಫಿ ಕೊಟ್ಟೇ ಕಳಿಸಬೇಕು ಎಂದು ಆಮೇಲೆ ಅನ್ನಿಸಿತು. ಹಾಗಾಗಿ ಈಗ ನಿಮಗೆ ಹೇಳುತ್ತಿದ್ದೇನೆ.

ನಾನು ಹುಟ್ಟು ಪುಕ್ಕಲಿ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ನಮ್ಮಮ್ಮನೂ ಹಾಗೆಯೇ ಇದ್ದಳು. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ, ಮನೆದೇವರಿಗೆ ಮುಡಿಪು ಎಂದು ದೇವರ ಗೂಡಿನಲ್ಲಿಟ್ಟು, ಆಮೇಲೆ ಕಷಾಯಕ್ಕೆ ನೀರಿಡುತ್ತಿದ್ದಳು. ಜ್ವರ ಬಿಟ್ಟ ಮೇಲೆ ಆ ಗಂಟು ಹಾಸನದ ಕಡೆಯ ನಮ್ಮ ದೇವರ ಹುಂಡಿಗೆ ಹೋಗುತ್ತಿತ್ತು. ಕಟ್ಟಿದ ನಾಣ್ಯವೇ ಹೋಗಬೇಕು, ಬೇರೆಯದು ಹೋಗಕೂಡದು ಎಂಬುದು ಅವಳ ಕಟ್ಟಳೆ. ಇಂಥ ತಾಯಿಯ ಮಗಳನ್ನು ಬಸ್ಸಿನ ಡ್ರೈವರಿಗೆ ಕೊಟ್ಟು ಮದುವೆ ಮಾಡಿದರು. ಅದೂ ಎಂಥ ಬಸ್ಸು, ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದು ಕೇರಳಕ್ಕೆ ಹೋಗಿ, ಸಂಜೆ ಅದೇ ಘಾಟಿ ಹತ್ತಿ ಬರುವ ಬಸ್ಸು.

ಮದುವೆಯಾದ ಮರುವಾರ ನಾನೂ ಒಮ್ಮೆ ಆ ಬಸ್ಸಿನಲ್ಲಿ ಕೂತು ಹೋದೆ. ಏಳನೆಯ ತಿರುವಿನಲ್ಲಿ ಕಣ್ಣು ಮುಚ್ಚಿದವಳು ಕೇರಳ ಬಂದ ಮೇಲೇ ತೆರೆದದ್ದು. ಮಾರನೆಯ ದಿನದಿಂದ ನನ್ನ ಯಜಮಾನರು ಶಿವಣ್ಣ ಬೈಕ್ ಹತ್ತಿ ವಿರಾಜಪೇಟೆಗೆ ಹೊರಟ ಕೂಡಲೇ ಡಬ್ಬವೊಂದಕ್ಕೆ ನಾಣ್ಯ ಹಾಕತೊಡಗಿದೆ. ಅವರು ಡ್ರೈವಿಂಗ್ ಬಿಡುವ ದಿನ ಸುಖವಾಗಿ ಮನೆ ಸೇರಿದರೆ ಎಲ್ಲವನ್ನೂ ದೇವರಿಗೆ ತಲುಪಿಸುತ್ತೇನೆ ಎಂದು ಹರಕೆ. ಸಾಮಾನ್ಯ ದಿನಕ್ಕೆ ಒಂದು ನಾಣ್ಯ, ಮಳೆಗೆ ಎರಡು, ಘಾಟಿಯಲ್ಲಿ ಮಣ್ಣು ಜಾರಿದೆ ಎಂಬ ಸುದ್ದಿ ಬಂದರೆ ನಾಲ್ಕು. ಕೊಡಗಿನ ಮಳೆಗಾಲ ಎಷ್ಟು ಉದ್ದ ಎಂಬುದು ನಿಮಗೆ ಗೊತ್ತಲ್ಲ. ಮೊದಮೊದಲು ನಾಲ್ಕಾಣೆ ಹಾಕುತ್ತಿದ್ದೆ, ಕ್ರಮೇಣ ಎಂಟಾಣೆ, ಆಮೇಲೆ ರೂಪಾಯಿ. ಬೆಲೆ ಏರಿದಂತೆ ಭಯದ ದರವನ್ನೂ ಏರಿಸದಿದ್ದರೆ ದೇವರು ಏನೆಂದುಕೊಂಡಾನು?

ಹೀಗೆ ಇಪ್ಪತ್ತಾರು ವರ್ಷ ಕಳೆಯಿತು. ಹೋದ ತಿಂಗಳು ಶಿವಣ್ಣ ಸ್ಟಿಯರಿಂಗ್ ಬಿಟ್ಟು, ಕೊರಳಲ್ಲೊಂದು ಹಾರ ಹಾಕಿಕೊಂಡು ಸುಖವಾಗಿ ಮನೆಗೆ ಬಂದರು. ಅಲ್ಲಿಗೆ ನನ್ನ ಚಿಂತೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಡಬ್ಬಗಳ ಕಡೆಗೆ ತಿರುಗಿತು.

ಇಷ್ಟು ಚಿಲ್ಲರೆಯನ್ನು ಏನು ಮಾಡುವುದು? ಬ್ಯಾಂಕಿಗೆ ಹೋಗಿ, ಎಷ್ಟಿದೆ ಎನ್ನದೆ ವಿಚಾರಿಸಿದೆ. ನೂರು ನೂರಾಗಿ ಎಣಿಸಿ, ಬೇರೆ ಬೇರೆ ಚೀಲಕ್ಕೆ ಹಾಕಿ ತನ್ನಿ ಎಂದು ಅಲ್ಲಿನ ಹುಡುಗಿ ನಯವಾಗಿಯೇ ಹೇಳಿದಳು. ನಾಲ್ಕಾಣೆಯ ಆಯುಸ್ಸು ಸರಕಾರವೇ ಮುಗಿಸಿದೆ, ಎಂಟಾಣೆಗೆ ಜೀವವಿದ್ದರೂ ಯಾರೂ ಮಾತಾಡಿಸುವುದಿಲ್ಲ. ನಾವೆಲ್ಲ ಇಕ್ಕಾ ಎಂದು ಕರೆಯುವ ಮೂಲೆಯಂಗಡಿಯ ಮಲಯಾಳಿ ಒಂದು ಕಾಲದಲ್ಲಿ ಚಿಲ್ಲರೆ ಕೊಟ್ಟವರಿಗೆ ಕುರ್ಚಿ ಹಾಕುತ್ತಿದ್ದವರು, ಈಗ ಫೋನಿನಿಂದ ದುಡ್ಡು ಕೊಡಲೆಂದು ಗೋಡೆಗೆ ಅಂಟಿಸಿದ ಚೌಕದ ಕಡೆ ಬೆರಳು ತೋರಿಸುತ್ತಾರೆ. ಇವೆಲ್ಲ ಹೋಗಲಿ, ನೋಟಾಗಿ ಬದಲಾಯಿಸಿದರೆ ಹರಕೆ ಸಲ್ಲುತ್ತದೆಯೇ? ದೇವರು ಇಪ್ಪತ್ತಾರು ವರ್ಷ ಕಣ್ಣಿಟ್ಟದ್ದು ಈ ನಾಣ್ಯಗಳ ಮೇಲೆ. ನನ್ನ ನೋಟು ನೋಡಿ, ಇದು ಯಾರದು ಎಂದುಬಿಟ್ಟರೆ? ಹರಕೆ ತಪ್ಪಿದ ಮನೆಗಳ ಕಥೆಗಳು ಅಮ್ಮನ ಬಾಯಲ್ಲಿ ಬೇಕಾದಷ್ಟಿದ್ದವು, ಎಲ್ಲದರಲ್ಲೂ ಕೊನೆಗೆ ಏಟು ತಿನ್ನುತ್ತಿದ್ದದ್ದು ಗಂಡನೇ. ಆ ಕಥೆಗಳು ಒಂದೊಂದಾಗಿ ನೆನಪಾಗಿ ನನಗೆ ಊಟ ಸೇರದಾಯಿತು. ಅವೇ ನಾಣ್ಯಗಳನ್ನು ಜೀಪಿನಲ್ಲಿ ಹಾಕಿಕೊಂಡು ಹೋಗುವುದೆಂದು ತೀರ್ಮಾನಿಸಿ ಸೋಮವಾರ ಗೊತ್ತುಮಾಡಿದೆ.

ನಿನ್ನೆ ಮಧ್ಯಾಹ್ನ, ಒರೆಸಿಡೋಣವೆಂದು ಮೊಟ್ಟಮೊದಲ ಡಬ್ಬದ ಮುಚ್ಚಳ ತೆಗೆದೆ. ಎಲ್ಲಕ್ಕಿಂತ ಹಿಂದೆ ಇಟ್ಟಿದ್ದು, ಬರೀ ನಾಲ್ಕಾಣೆಯದು. ನೋಡಿದರೆ ಮೇಲುಗಡೆಯೇ ಒಂದು ಇಪ್ಪತ್ತು ರೂಪಾಯಿಯ ನಾಣ್ಯ ಫಳಫಳ ಹೊಳೆಯುತ್ತಿದೆ. ನಾನು ಆ ಡಬ್ಬ ಮುಚ್ಚಿದ ಕಾಲಕ್ಕೆ ಅಂಥ ನಾಣ್ಯವೇ ಹುಟ್ಟಿರಲಿಲ್ಲ. ಕೈ ಹಾಕಿದೆ, ಹತ್ತರದು, ಐದರದು, ತಳದವರೆಗೂ ನನ್ನದೊಂದೂ ಇಲ್ಲ. ಹಿಂದಿದ್ದ ಬೇರೆ ಡಬ್ಬಗಳಲ್ಲೂ ಅದೇ ಕಥೆ.

ಶಿವಣ್ಣ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಡಬ್ಬವನ್ನು ಮುಂದಿಟ್ಟೆ. ಮನುಷ್ಯ ಸುಳ್ಳು ಹೇಳುವ ಜಾತಿಯಲ್ಲ, ಕೇಳದಿದ್ದರೆ ನಿಜವನ್ನೂ ಹೇಳುವುದಿಲ್ಲ ಅಷ್ಟೆ. ಬೆಳಗಿನ ಮೊದಲ ಟ್ರಿಪ್ಪಿಗೆ ಕಂಡಕ್ಟರನ ಹತ್ತಿರ ಯಾವತ್ತೂ ಚಿಲ್ಲರೆ ಇರುತ್ತಿರಲಿಲ್ಲವಂತೆ. ತೋಟಕ್ಕೆ ಹೋಗುವ ಹೆಂಗಸರ ಹತ್ತಿರ ಜಗಳ. ಅದಕ್ಕೆ ಇವರು ಹೊರಡುವಾಗ ದಿನಾ ಒಂದು ಹಿಡಿ ಜೇಬಿಗೆ ಹಾಕಿಕೊಳ್ಳುತ್ತಿದ್ದರಂತೆ. ನಾನು ದಿನಾ ನಾಣ್ಯ ಹಾಕುವ ಮುಂದಿನ ಡಬ್ಬ ಮುಟ್ಟಿದರೆ ನನಗೆ ತಿಳಿಯುತ್ತದೆಂದು ಹಿಂದಿನವುಗಳಿಂದ. ಸಂಜೆ, ಹೆಚ್ಚಾದ ದುಡ್ಡನ್ನು ತಮ್ಮ ಕೈಯಿಂದ ಕೊಟ್ಟು, ಕಂಡಕ್ಟರನ ಚೀಲದಿಂದ ಅಷ್ಟೇ ದೊಡ್ಡ ಹಿಡಿ ತಂದು ಸುರಿಯುತ್ತಿದ್ದರಂತೆ. ಅಂದರೆ ನನ್ನ ಮುಡಿಪು ಇಪ್ಪತ್ತಾರು ವರ್ಷ ಘಾಟಿಯಲ್ಲಿ ಊರವರ ಕೈಯಿಂದ ಕೈಗೆ ಓಡಾಡಿದೆ. ನಾನು ಮನೆಯಲ್ಲಿ ಕಾಯುತ್ತಿದ್ದದ್ದು ಯಾರ್ಯಾರದೋ ಬಸ್ ಚಾರ್ಜು.

ನನಗೆ ಅಳು ಬಂದುಬಿಟ್ಟಿತು. "ದೇವ್ರ ದುಡ್ಡು ಕಣ್ರೀ ಅದು. ಮುಟ್ಟೋಕೆ ಹೆದ್ರಿಕೆ ಆಗ್ಲಿಲ್ವಾ ನಿಮ್ಗೆ?"

"ಆಗ್ತಿತ್ತು," ಎಂದರು. "ಅದ್ಕೇ ಅಲ್ವಾ ಆ ಘಾಟೀಲಿ ಒಂದಿನಾನೂ ಯಾರ್ನೂ ಓವರ್‌ಟೇಕ್ ಮಾಡ್ಲಿಲ್ಲ ನಾನು. ಸಂಜೆ ಬಂದು ವಾಪಸ್ ಹಾಕ್ಬೇಕಿತ್ತಲ್ಲ."

ಅವರನ್ನು ಕಾಯುತ್ತಿದ್ದದ್ದು ನನ್ನ ಭಯ ಎಂದುಕೊಂಡಿದ್ದೆ. ಅವರೊಳಗೂ ಒಂದು ಭಯ ದಿನಾ ಜೇಬಿನಲ್ಲಿ ಝಣಝಣ ಎನ್ನುತ್ತ ಘಾಟಿ ಇಳಿದು ಹತ್ತಿದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಅಮ್ಮನ ಕಟ್ಟಳೆಯ ಪ್ರಕಾರ ಇದು ತಪ್ಪೋ ಸರಿಯೋ ತಿಳಿಯದು. ಸೋಮವಾರ ಹೋಗಿ, ಇರುವುದನ್ನು ಇರುವಂತೆ ಸುರಿದು, ನಡೆದದ್ದನ್ನು ದೇವರಿಗೆ ಹೇಳಿಬಿಡುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಆಗ ಶಿವಣ್ಣ ಕೆಮ್ಮಿದರು. ಕೊನೆಯ ದಿನ ಒಯ್ದ ಒಂದು ಹಿಡಿ, ಹಾರ ತುರಾಯಿಯ ಗಲಾಟೆಯಲ್ಲಿ ಕಂಡಕ್ಟರನ ಚೀಲದಲ್ಲೇ ಉಳಿದುಹೋಗಿದೆಯಂತೆ. ಇವತ್ತೇ ಹಾಕಿಬಿಡುತ್ತೇನೆ ಎಂದು ಎದ್ದು ಪರ್ಸಿಗೆ ಕೈ ಹಾಕಿದರು.

ನಾನು ಆ ಕೈ ಹಿಡಿದುಕೊಂಡೆ. "ಬ್ಯಾಡ ಬಿಡಿ," ಎಂದೆ. "ಅದೊಂದು ಬಾಕಿ ಇರ್ಲಿ."